ಬೋಟಿನ ಇಂಜಿನಿನ ಎಣ್ಣೆಗೆ ನೀರು ಸೇರಿದರೆ

ಕೃಷಿಯ ಪುಟದಲ್ಲಿ ಬೋಟಿನ ಮಾತೇಕೆ ಎಂದು ಗುಡ್ಡೆಯ ಕಡೆಯ ವಾಚಕರು ಕೇಳಿಯಾರು. ಮಂಜೇಶ್ವರದಿಂದ ಕಾಸರಗೋಡಿನ ತನಕ ಕಡಲಬದಿಯಲ್ಲಿ ಬಾಳುವ ನಮ್ಮವರಿಗೆ ಕಡಲೇ ಗದ್ದೆ, ಬೋಟೇ ನೇಗಿಲು. ಅದಲ್ಲದೆ ಚಂದ್ರಗಿರಿ, ಶಿರಿಯಾ ಹೊಳೆಗಳ ದಡದಲ್ಲಿ ಕುಳಿತು ಅಡಿಕೆ ತೋಟಕ್ಕೆ ನೀರೆತ್ತುವ ಡೀಸಿಲ್ ಪಂಪುಸೆಟ್ಟಿಗೂ ಇದೇ ರೋಗ ತಗಲುವುದುಂಟು. ಆದುದರಿಂದ ಇಬ್ಬರೂ ಓದಬೇಕಾದ ವಿಷಯವಿದು.

ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರ ನಡುರಾತ್ರಿಯ ತನಕ 52 ದಿನಗಳ ಟ್ರಾಲಿಂಗ್ ನಿಷೇಧವಿರುತ್ತದೆ. ಆಟಿಯ ಮಳೆಯಲ್ಲಿ ಬೋಟುಗಳು ಸುಮ್ಮನೆ ನಿಂತಿರುತ್ತವೆ. ಆಗಸ್ಟ್ ಒಂದರಂದು ಎಲ್ಲರಿಗೂ ಅವಸರ. ಆ ಅವಸರದಲ್ಲಿ ಎಣ್ಣೆಯ ಗೇಜು ಕಡ್ಡಿಯನ್ನು ಎಳೆದು ನೋಡಿದಾಗ ಕರಿ ಎಣ್ಣೆಯ ಬದಲು ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ ಏನು ಮಾಡಬೇಕು? ಹೆಚ್ಚಿನವರು ಎಣ್ಣೆ ಬದಲಾಯಿಸಿ ಹೊರಟುಬಿಡುತ್ತಾರೆ. ಅದು ನೆಲ ಒರಸಿ ಸೋರುವ ಮಾಡನ್ನು ಮರೆತಂತೆ. ಇಂಜಿನನ್ನು ಮತ್ತೆ ಚಾಲೂ ಮಾಡುವ ಮೊದಲು ಎರಡು ಪ್ರಶ್ನೆಗಳಿಗೆ ಉತ್ತರ ಸಿಗಬೇಕು. ಸೇರಿದ್ದು ಯಾವ ನೀರು? ಬಂದದ್ದು ಯಾವ ದಾರಿಯಿಂದ?

ನೀರಿನಿಂದಾಗುವ ಹಾನಿ

ಇಂಜಿನು ತಿರುಗುವಾಗ ಕ್ರ್ಯಾಂಕ್ ಶಾಫ್ಟು ಬೇರಿಂಗನ್ನು ಮುಟ್ಟುವುದಿಲ್ಲ. ಕೂದಲಿಗಿಂತಲೂ ತೆಳುವಾದ ಎಣ್ಣೆಯ ಪೊರೆಯೊಂದರ ಮೇಲೆ ತೇಲುತ್ತಿರುತ್ತದೆ. ಆ ಭಾರವನ್ನು ಹೊರುವ ಶಕ್ತಿ ಎಣ್ಣೆಗಿದೆ, ನೀರಿಗಿಲ್ಲ. ನೀರು ಬೆರೆತಲ್ಲಿ ಪೊರೆ ಹರಿದು ಲೋಹಕ್ಕೆ ಲೋಹ ಉಜ್ಜುತ್ತದೆ. ಎಣ್ಣೆಯಲ್ಲಿ ಬೆರೆಸಿರುವ ತುಕ್ಕುನಿರೋಧಕ ಮದ್ದುಗಳೂ ನೀರಿನಿಂದ ಕೆಡುತ್ತವೆ. ಉಪ್ಪುನೀರಾದರಂತೂ ಕೇಳುವುದೇ ಬೇಡ. ಇಂಜಿನು ನಿಂತಿರುವಾಗಲೂ ಅದರ ಕೆಲಸ ನಿಲ್ಲುವುದಿಲ್ಲ. ನಯವಾಗಿ ಉಜ್ಜಿದ ಉಕ್ಕಿನ ಮೇಲೆ ಕೆಲವೇ ದಿನಗಳಲ್ಲಿ ತುಕ್ಕಿನ ಗುಳಿಗಳು ಬೀಳುತ್ತವೆ.

ಬೇರಿಂಗು ಹಿಡಿದುಕೊಂಡರೆ ಇಂಜಿನು ನಿಲ್ಲುತ್ತದೆ. ಹೊಳೆಬದಿಯಲ್ಲಿ ನಿಂತರೆ ಹಣದ ನಷ್ಟ ಮಾತ್ರ. ನಡುಕಡಲಿನಲ್ಲಿ ಗಾಳಿಯೆದ್ದ ಹೊತ್ತಿಗೆ ನಿಂತರೆ ಹಣದ ಲೆಕ್ಕ ಯಾರಿಗೂ ನೆನಪಿರುವುದಿಲ್ಲ.

ಕಣ್ಣಿಗೆ ಕಾಣುವ ಗುರುತುಗಳು

ಮೊದಲನೆಯದು ಮಟ್ಟ. ಪ್ರತಿದಿನ ಬೆಳಗ್ಗೆ ಚಾಲೂ ಮಾಡುವ ಮುಂಚೆ ಗೇಜು ಕಡ್ಡಿಯನ್ನು ನೋಡತಕ್ಕದ್ದು. ಓಡಿದ ಇಂಜಿನಿನಲ್ಲಿ ಎಣ್ಣೆ ಇದ್ದಷ್ಟೇ ಇರಬೇಕು, ಇಲ್ಲವೆ ತುಸು ಇಳಿಯಬೇಕು. ಏರಿದರೆ "ಎಣ್ಣೆ ಉಳಿಯಿತು" ಎಂದು ಸಂತೋಷಪಡಬಾರದು. ನೀರೋ ಡೀಸಿಲೋ ಒಳಗೆ ಇಳಿಯುತ್ತಿದೆ ಎಂದೇ ಅದರ ಅರ್ಥ. ಡೀಸಿಲು ಸೇರಿದರೆ ಎಣ್ಣೆ ತೆಳ್ಳಗಾಗಿ ವಾಸನೆ ಬರುತ್ತದೆ, ಆದರೆ ಬಣ್ಣ ಬಿಳಿಯಾಗುವುದಿಲ್ಲ.

ಎರಡನೆಯದು ಬಣ್ಣ. ಇಲ್ಲಿ ಒಂದು ಭೇದವನ್ನು ತಿಳಿದಿರಬೇಕು. ಎಣ್ಣೆ ಹೊಯ್ಯುವ ಮುಚ್ಚಳದ ಅಡಿಯಲ್ಲಿ ಮಾತ್ರ ಬೆಣ್ಣೆಯಂಥ ಪಸೆ ಕಂಡು, ಗೇಜು ಕಡ್ಡಿಯ ಎಣ್ಣೆ ಸ್ವಚ್ಛವಾಗಿದ್ದರೆ ಅದು ಸಾಧಾರಣವಾಗಿ ಹಬೆಯ ನೀರು. ಒಂದು ಲೀಟರು ಡೀಸಿಲು ಉರಿದಾಗ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆಂದರೆ ಹಲವರು ನಂಬಲಿಕ್ಕಿಲ್ಲ, ಆದರೂ ಸತ್ಯ. ಅದು ಬಹುಪಾಲು ಹೊಗೆಯ ಜತೆ ಹಬೆಯಾಗಿ ಹೋಗುತ್ತದೆ. ಸ್ವಲ್ಪ ಪಿಸ್ಟನ್ ರಿಂಗುಗಳ ಸಂದಿನಿಂದ ಕೆಳಗಿಳಿಯುತ್ತದೆ. ಇಂಜಿನು ಚೆನ್ನಾಗಿ ಕಾದರೆ ಅದೂ ಆರಿಹೋಗುತ್ತದೆ. ದಕ್ಕೆಯಿಂದ ದಕ್ಕೆಗೆ ಐದು ನಿಮಿಷ ಓಡಿಸಿ ನಿಲ್ಲಿಸುವವರ ಇಂಜಿನಿನಲ್ಲಿ ಆರುವುದಿಲ್ಲ, ಮುಚ್ಚಳಕ್ಕೆ ಅಂಟುತ್ತದೆ. ಇದಕ್ಕೆ ಮದ್ದು ಸುಲಭ: ಇಂಜಿನಿಗೆ ಹೊರೆ ಕೊಟ್ಟು ಅರ್ಧ ಗಂಟೆಗಿಂತ ಹೆಚ್ಚು ಓಡಿಸಿ ನೋಡುವುದು.

ಗೇಜು ಕಡ್ಡಿಯ ಎಣ್ಣೆಯೇ ಬಿಳಿಯಾಗಿದ್ದರೆ ಇಂಜಿನನ್ನು ಓಡಿಸಬಾರದು. ಮುಂದಿನ ಪರೀಕ್ಷೆಗಳು ಅಂಥ ಇಂಜಿನಿಗೆ.

ಮನೆಯಲ್ಲೇ ಮಾಡಬಹುದಾದ ಮೂರು ಪರೀಕ್ಷೆ

ಬಾಟಲಿಯ ಪರೀಕ್ಷೆ: ನೀರು ಎಣ್ಣೆಗಿಂತ ಭಾರವಾದುದರಿಂದ ಚೇಂಬರಿನ ತಳಕ್ಕೆ ಇಳಿಯುತ್ತದೆ. ಇಂಜಿನನ್ನು ಒಂದು ರಾತ್ರಿ ಅಲುಗಾಡಿಸದೆ ಬಿಟ್ಟು, ಬೆಳಗ್ಗೆ ತಳದ ತಿರುಪನ್ನು ನಿಧಾನವಾಗಿ ಸಡಿಲಿಸಬೇಕು. ಮೊದಲು ಬರುವುದನ್ನು ಗಾಜಿನ ಬಾಟಲಿಯಲ್ಲಿ ಹಿಡಿಯಬೇಕು. ತಿರುಪಿಗೆ ಕೈ ತಲಪದ ಬೋಟುಗಳಲ್ಲಿ ಗೇಜು ಕಡ್ಡಿಯ ಕೊಳವೆಯಿಂದ ತಳ ಮುಟ್ಟುವಂತೆ ಸಪೂರ ನಳಿಗೆ ಇಳಿಸಿ ಕೈಪಂಪಿನಿಂದ ಎಳೆಯಬಹುದು. ಸ್ವಚ್ಛ ನೀರೇ ಬಂದರೆ ಸಂಶಯಕ್ಕೆ ಎಡೆಯಿಲ್ಲ. ಬಾರದಿದ್ದರೆ ನೀರಿಲ್ಲವೆಂದು ಹೇಳುವಂತಿಲ್ಲ. ಈಗಿನ ಎಣ್ಣೆಗಳಲ್ಲಿರುವ ಸಾಬೂನಿನಂಥ ಮದ್ದು ನೀರಿನ ಹನಿಗಳನ್ನು ನುಣ್ಣಗೆ ಒಡೆದು ಹಿಡಿದಿಡುತ್ತದೆ. ಬಣ್ಣ ಬಿಳಿಯಾಗುವುದೂ ಅದರಿಂದಲೇ.

ಕಾವಲಿಯ ಪರೀಕ್ಷೆ: ಇದು ಬಹಳ ಹಳೆಯ ಉಪಾಯ, ಪ್ರಯೋಗಶಾಲೆಗಳಲ್ಲೂ ಬಳಕೆಯಲ್ಲಿದೆ. ಕಬ್ಬಿಣದ ಕಾವಲಿಯನ್ನು ಸುಮಾರು 150ರಿಂದ 160 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಬೇಕು. ಹೊಗೆಯೇಳುವಷ್ಟು ಬೇಡ, ಚಿಮುಕಿಸಿದ ನೀರಹನಿ ಚುರ್ರೆಂದು ಆರಿಹೋದರೆ ಸಾಕು. ಬೆಂಕಿಯನ್ನು ಆರಿಸಿ, ಕಾವಲಿಯ ಮೇಲಿನ ನೀರು ಪೂರ್ತಿ ಒಣಗಿದ ಮೇಲೆ, ಚೆನ್ನಾಗಿ ಕುಲುಕಿದ ಎಣ್ಣೆಯ ಒಂದೆರಡು ಹನಿಯನ್ನು ಮಾತ್ರ ಬಿಡಬೇಕು. ನೀರಿಲ್ಲದ ಎಣ್ಣೆ ಸುಮ್ಮನೆ ಹರಡುತ್ತದೆ. ನೀರಿದ್ದರೆ ಸಾಸಿವೆ ಸಿಡಿದಂತೆ ಸದ್ದಾಗಿ ಗುಳ್ಳೆಗಳೇಳುತ್ತವೆ. ಸಾವಿರ ಪಾಲಿನಲ್ಲಿ ಒಂದು ಪಾಲು ನೀರಿದ್ದರೂ ಇದರಲ್ಲಿ ತಿಳಿಯುತ್ತದೆ. ಡೀಸಿಲು ಮಾತ್ರ ಸೇರಿದ್ದರೆ ಹೀಗೆ ಸಿಡಿಯುವುದಿಲ್ಲ. ಹೋಲಿಸಲಿಕ್ಕೆ ಹೊಸ ಎಣ್ಣೆಯ ಹನಿಯನ್ನೂ ಪಕ್ಕದಲ್ಲಿ ಬಿಟ್ಟು ನೋಡಿರಿ. ಬಯಲಲ್ಲಿ ಮಾಡಬೇಕು, ಕಣ್ಣಿಗೆ ಕನ್ನಡಕವಿರಬೇಕು, ಮಕ್ಕಳು ದೂರವಿರಬೇಕು. ಆ ಕಾವಲಿ ಮತ್ತೆ ಅಡಿಗೆಮನೆಗೆ ಹೋಗಕೂಡದು.

ಉಪ್ಪಿನ ಪರೀಕ್ಷೆ: ಬಾಟಲಿಯ ತಳದಲ್ಲಿ ನಿಂತ ನೀರು ಸಿಕ್ಕಿದರೆ ಒಂದು ಹಳೆಯ ಚಮಚದಲ್ಲಿ ಸಣ್ಣ ಉರಿಯ ಮೇಲೆ ಬತ್ತಿಸಿರಿ. ಒಂದು ಲೀಟರು ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಆದುದರಿಂದ ಒಂದು ಚಮಚದಷ್ಟರಲ್ಲೂ ಬಿಳಿಯ ಉಪ್ಪಿನ ಪದರ ಉಳಿಯುತ್ತದೆ. ಮಳೆನೀರಾದರೆ ಉಳಿಯುವುದು ಏನೂ ಇಲ್ಲವೆನ್ನುವಷ್ಟು ಕಡಿಮೆ. ನಾಲಿಗೆಗೆ ಹಚ್ಚಿ ನೋಡುವ ಅಭ್ಯಾಸವನ್ನು ಬಿಡಲೇಬೇಕು. ಸಿಹಿನೀರಿನ ಟ್ಯಾಂಕಿಗೆ ಹಾಕುವ ಬಣ್ಣದ ಕೂಲಂಟು ರುಚಿಗೆ ಸಿಹಿ, ಹೊಟ್ಟೆಗೆ ವಿಷ.

ನೀರು ಬರುವ ದಾರಿಗಳು

ಉಪ್ಪಿಲ್ಲ, ಟ್ಯಾಂಕಿನ ನೀರು ಮಾತ್ರ ದಿನದಿಂದ ದಿನಕ್ಕೆ ಇಳಿಯುತ್ತಿದೆ ಎಂದಾದರೆ ಸಂಶಯ ಹೆಡ್ ಗ್ಯಾಸ್ಕೆಟಿನ ಮೇಲೆ, ಬಿರಿದ ಹೆಡ್ಡಿನ ಮೇಲೆ, ಅಥವಾ ಲೈನರಿನ ಬುಡದ ರಬ್ಬರ್ ರಿಂಗಿನ ಮೇಲೆ. ಇಂಜಿನು ಓಡುವಾಗ ಟ್ಯಾಂಕಿನಲ್ಲಿ ಎಡೆಬಿಡದೆ ಗುಳ್ಳೆ ಬಂದರೆ ಗ್ಯಾಸ್ಕೆಟು ಅಥವಾ ಹೆಡ್ಡು ಎನ್ನಬಹುದು. ಲೈನರಿನ ರಿಂಗು ಸೋರಿದರೆ ಗುಳ್ಳೆ ಬಾರದು. ಚೇಂಬರಿನ ಬದಿಯ ಬಾಗಿಲು ತೆಗೆದು, ನೀರಿನ ದಾರಿಗೆ ಕೈಪಂಪಿನಿಂದ ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಟ್ಟು, ಟಾರ್ಚು ಹಿಡಿದು ಕೆಳಗಿನಿಂದ ನೋಡಿದರೆ ಹನಿ ಎಲ್ಲಿಂದ ಬೀಳುತ್ತದೆಂದು ಕಣ್ಣಿಗೇ ಕಾಣುತ್ತದೆ.

ಉಪ್ಪು ಸಿಕ್ಕಿದರೆ ನೋಡಬೇಕಾದ ದಾರಿಗಳು ಬೇರೆ.

ಒಂದು, ಎಣ್ಣೆಯ ಕೂಲರು. ಇದರಲ್ಲಿ ನಳಿಗೆಯ ಒಂದು ಬದಿಗೆ ಎಣ್ಣೆ, ಇನ್ನೊಂದು ಬದಿಗೆ ನೀರು. ಹಲವು ಬೋಟುಗಳಲ್ಲಿ ಅದು ಕಡಲ ನೀರೇ. ನಳಿಗೆ ತೂತಾದರೆ ಓಡುವಾಗ ಎಣ್ಣೆಯ ಒತ್ತಡ ಹೆಚ್ಚಾದುದರಿಂದ ಎಣ್ಣೆಯೇ ನೀರಿಗೆ ಹೋಗುತ್ತದೆ, ಹೊರಬೀಳುವ ನೀರಿನಲ್ಲಿ ಕಾಮನಬಿಲ್ಲಿನ ಬಣ್ಣದ ಪೊರೆ ಕಾಣುತ್ತದೆ. ನಿಲ್ಲಿಸಿದ ಮೇಲೆ ಉಳಿದ ನೀರು ಹಿಂದಕ್ಕೆ ಎಣ್ಣೆಗೆ ಜಿನುಗಬಹುದು. ಕೂಲರನ್ನು ಬಿಚ್ಚಿ, ಒಂದು ಬದಿ ಮುಚ್ಚಿ ಗಾಳಿ ತುಂಬಿ, ಸೈಕಲಿನ ಟ್ಯೂಬಿನಂತೆ ನೀರಲ್ಲಿ ಅದ್ದಿ ನೋಡಿದರೆ ಗುಳ್ಳೆ ಹೇಳಿಬಿಡುತ್ತದೆ.

ಎರಡು, ಹೊಗೆಯ ದಾರಿ. ಹೊಗೆನಳಿಗೆಗೆ ನೀರು ಬೆರೆಸಿ ಹೊರಬಿಡುವ ಬೋಟುಗಳಲ್ಲಿ, ಇಂಜಿನು ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ, ನಿಲ್ಲಿಸಿದ ಮೇಲೂ ಕಡಲ ನೀರು ತಾನಾಗಿ ಎಳೆದುಕೊಂಡು ಬಂದು ಸಿಲಿಂಡರಿಗೆ ತುಂಬಬಹುದು. ಇದನ್ನು ತಡೆಯುವ ಗಾಳಿ ವಾಲ್ವು ಉಪ್ಪು ಕಟ್ಟಿ ಕೆಲಸ ನಿಲ್ಲಿಸಿರುತ್ತದೆ. ಚಾಲೂ ಆಗದ ಇಂಜಿನನ್ನು ಮತ್ತೆಮತ್ತೆ ಸೆಲ್ಫ್ ಹೊಡೆದರೂ ಇದೇ ಗತಿ: ಪಂಪು ನೀರು ತುಂಬುತ್ತದೆ, ಅದನ್ನು ದೂಡಿ ಹೊರಹಾಕಲು ಹೊಗೆಯಿಲ್ಲ.

ಮೂರು, ಬೋಟಿನ ತಳದ ನೀರು ಏರಿ ಶಾಫ್ಟಿನ ಸೀಲಿನಿಂದ ನುಗ್ಗುವುದು. ಗೋಡೆಯ ಮೇಲೆ ನೀರಿನ ಗೆರೆ ನೋಡಿದರೆ ಗೊತ್ತಾಗುತ್ತದೆ.

ನಾಲ್ಕು, ಕಡಲ ನೀರಿನ ಪಂಪು. ಇಂಜಿನಿನ ಗೇರಿನಿಂದ ತಿರುಗುವ ಪಂಪುಗಳಲ್ಲಿ ನೀರಿಗೊಂದು ಸೀಲು, ಎಣ್ಣೆಗೊಂದು ಸೀಲು, ನಡುವೆ ಹೊರಕ್ಕೆ ತೆರೆದ ಒಂದು ಸಣ್ಣ ತೂತು. ನೀರಿನ ಸೀಲು ಸವೆದರೆ ತೂತಿನಿಂದ ಹನಿ ತೊಟ್ಟಿಕ್ಕಿ ನಮಗೆ ಸೂಚನೆ ಕೊಡಲೆಂದೇ ಅದನ್ನು ಇಟ್ಟಿರುವುದು.

ನಾವು ಕಂಡ ಒಂದು ಸಂಗತಿ

ಕೆಲವು ವರ್ಷಗಳ ಹಿಂದೆ ನಮ್ಮ ಪರಿಚಯದ ಬೋಟೊಂದು ಮಳೆಗಾಲ ಕಳೆದು ಕಡಲಿಗಿಳಿಯಿತು. ಮೂರನೆಯ ದಿನ ಎಣ್ಣೆ ಬಿಳಿಯಾಯಿತು. ಬದಲಾಯಿಸಿದರು. ವಾರದೊಳಗೆ ಪುನಃ ಬಿಳಿ, ಪುನಃ ಹೊಸ ಎಣ್ಣೆ. ಗ್ಯಾಸ್ಕೆಟು ಹೋಗಿದೆಯೆಂದು ಹೆಡ್ಡನ್ನು ಬಿಚ್ಚಿದರು, ಗ್ಯಾಸ್ಕೆಟು ಚೆನ್ನಾಗಿಯೇ ಇತ್ತು. ಕೊನೆಗೆ ಒಬ್ಬ ಹಳೆಯ ಡ್ರೈವರ್ ತಳದ ನೀರನ್ನು ಬತ್ತಿಸಿ ಉಪ್ಪು ತೋರಿಸಿ, "ಇದು ಮೇಲಿನಿಂದ ಬಂದದ್ದಲ್ಲ, ಪಂಪು ನೋಡಿ" ಎಂದರು. ನೋಡಿದರೆ ಪಂಪಿನ ಸೂಚನೆಯ ತೂತೇ ಇರಲಿಲ್ಲ. ಮಳೆಗಾಲದಲ್ಲಿ ಇಂಜಿನಿಗೆ ಚೆಂದಕ್ಕೆ ಬಣ್ಣ ಹೊಡೆದವರು ಅದರ ಮೇಲೂ ಎರಡು ಕೋಟು ಬಳಿದಿದ್ದರು. ಹೊರಗೆ ಹೋಗಲಾರದ ಕಡಲ ನೀರು ಎರಡನೆಯ ಸೀಲನ್ನು ದಾಟಿ ಚೇಂಬರಿಗೆ ಇಳಿದಿತ್ತು. ಎರಡು ಸೀಲು, ಒಂದು ತಂತಿಯ ತುಂಡು, ಅರ್ಧ ದಿನದ ಕೆಲಸ. ಅಷ್ಟರಲ್ಲಿ ಬೇರಿಂಗುಗಳು ಕೆಟ್ಟಾಗಿತ್ತು. ಮೊದಲನೆಯ ದಿನವೇ "ಯಾವ ನೀರು?" ಎಂದು ಕೇಳಿದ್ದರೆ ಆ ಮನೆಯವರು ಆ ವರ್ಷ ಸಾಲ ಮಾಡಬೇಕಾಗುತ್ತಿರಲಿಲ್ಲ.

ಉಪ್ಪುನೀರು ಸೇರಿದೆಯೆಂದು ಗೊತ್ತಾದೊಡನೆ

ಸಿಲಿಂಡರಿಗೆ ನೀರು ಹೋಗಿರುವ ಸಂಶಯವಿದ್ದರೆ ಸೆಲ್ಫ್ ಹೊಡೆಯಕೂಡದು. ಗಾಳಿಯಂತೆ ನೀರು ಕುಗ್ಗುವುದಿಲ್ಲ. ಪಿಸ್ಟನು ಅದಕ್ಕೆ ಬಡಿದರೆ ಕನೆಕ್ಟಿಂಗ್ ರಾಡು ಬಾಗುತ್ತದೆ. ನಾಜಲುಗಳನ್ನು ತೆಗೆದು ಕೈಯಿಂದ ನಿಧಾನವಾಗಿ ತಿರುಗಿಸಿ ನೀರು ಚಿಮ್ಮಿಸಿ ತೆಗೆಯಬೇಕು.

ಬಳಿಕ ದಾರಿಯನ್ನು ಮುಚ್ಚಿರಿ. ಎಣ್ಣೆಯನ್ನು ಪೂರ್ತಿ ತೆಗೆದು, ಫಿಲ್ಟರು ಬದಲಿಸಿ, ಕಡಿಮೆ ಕ್ರಯದ ಹೊಸ ಎಣ್ಣೆ ತುಂಬಿ, ಹೊರೆಯಿಲ್ಲದೆ ಕೆಲವು ನಿಮಿಷ ಓಡಿಸಿ ಬಿಸಿ ಇರುವಾಗಲೇ ತೆಗೆಯಿರಿ. ಕಾವಲಿಯ ಮೇಲೆ ಎಣ್ಣೆ ಸಿಡಿಯದಿರುವ ತನಕ ಎರಡು ಮೂರು ಸಲ ಹೀಗೆ ಮಾಡಬೇಕು. ಪ್ರತಿಸಲವೂ ಫಿಲ್ಟರು ಹೊಸದಾಗಿರಬೇಕು. ಮೆಕ್ಯಾನಿಕರು ಬರಲು ದಿನಗಳಾಗುವುದಾದರೆ ಇಂಜಿನನ್ನು ಬರಿದಾಗಿ ಬಿಡಬೇಡಿ. ನೀರು ತೆಗೆದು ಒಳಗೆಲ್ಲ ಎಣ್ಣೆ ತುಂಬಿಸಿಟ್ಟರೆ ಗಾಳಿ ತಾಗದೆ ತುಕ್ಕು ತಡೆಯುತ್ತದೆ. ತುಂಬಿಸಿಟ್ಟ ಇಂಜಿನಿಗೆ ಒಂದು ಚೀಟಿ ಕಟ್ಟಿಡಿ, ತಿಳಿಯದವರು ಚಾಲೂ ಮಾಡಿಯಾರು.

ಪಂಪುಸೆಟ್ಟಿನವರಿಗೆ

ತಲೆಯ ಮೇಲೆ ನೀರಿನ ತೊಟ್ಟಿಯಿರುವ ಒಂಟಿ ಸಿಲಿಂಡರಿನ ಇಂಜಿನಿನಲ್ಲಿ ಕೂಲರೂ ಇಲ್ಲ, ಕಡಲ ಪಂಪೂ ಇಲ್ಲ. ನೋಡಬೇಕಾದದ್ದು ಮುಖ್ಯವಾಗಿ ಲೈನರಿನ ರಬ್ಬರ್ ರಿಂಗು, ಹೆಡ್ ಗ್ಯಾಸ್ಕೆಟು ಮತ್ತು ಮಳೆನೀರು. ಹೊಗೆನಳಿಗೆಯ ಬಾಯಿಗೆ ಮುಚ್ಚಳವಿಲ್ಲದೆ ಮಳೆಗಾಲ ಕಳೆದ ಇಂಜಿನನ್ನು ಬೇಸಗೆಯಲ್ಲಿ ನೇರವಾಗಿ ಹ್ಯಾಂಡಲ್ ಹೊಡೆಯಬೇಡಿ. ಮೊದಲು ಗೇಜು ನೋಡಿ, ಡಿಕಂಪ್ರೆಶನ್ ಎತ್ತಿ ನಿಧಾನವಾಗಿ ತಿರುಗಿಸಿ ನೋಡಿ.

ತೆಗೆದ ಕೆಟ್ಟ ಎಣ್ಣೆಯನ್ನು ಕಡಲಿಗೋ ಹೊಳೆಗೋ ಚೆಲ್ಲಕೂಡದು. ಸುರಂಗದ ನೀರು ಕುಡಿಯುವ ನಮ್ಮ ಗುಡ್ಡೆಗಳಲ್ಲಿ ನೆಲಕ್ಕೆ ಹೊಯ್ದದ್ದು ಯಾರ ಕೊಡಕ್ಕೆ ಬಂದೀತೆಂದು ಹೇಳಲಾಗದು. ಡಬ್ಬಿಯಲ್ಲಿ ಕೂಡಿಟ್ಟು ಹಳೆ ಎಣ್ಣೆ ಕೊಳ್ಳುವವರಿಗೆ ಕೊಡಿರಿ.

ಒಂದು ಗಾಜಿನ ಬಾಟಲಿ, ಒಂದು ಹಳೆಯ ಕಾವಲಿ, ಒಂದು ಚಮಚ: ಇವಿಷ್ಟು ಬೋಟಿನ ಪೆಟ್ಟಿಗೆಯಲ್ಲಿರಲಿ. ಬಿಳಿ ಎಣ್ಣೆ ಕಂಡ ದಿನ ಕಡಲಿಗಿಳಿಯದಿದ್ದರೆ ಒಂದು ದಿನದ ಮೀನು ಹೋಗುತ್ತದೆ. ಹೋದರೆ ಹೋಗಲಿ. ಮೀನು ನಾಳೆಯೂ ಸಿಕ್ಕೀತು. ಹೋದವರೆಲ್ಲ ಸಂಜೆಗೆ ದಡ ಸೇರುವುದು ಮುಖ್ಯ.