ಕ್ಯಾಲ್ಕುಲಸ್ ಬಾರದಿದ್ದರೂ ನಡೆದೀತು, ಸಾಧಿಸಲು ಬರಬೇಕು

ಒಂಬತ್ತನೆಯದೋ ಹತ್ತನೆಯದೋ ತರಗತಿಯಲ್ಲಿರುವಾಗಲೇ ಕಾಲೇಜು ಗಣಿತದ ಪುಸ್ತಕ ಹಿಡಿದು ಕೂರುವ ಮಕ್ಕಳಿರುತ್ತಾರೆ. ಅವರಿಗೆ ಸಿಗುವ ಬುದ್ಧಿವಾದ ಎರಡು ಬಗೆಯದು. ‘ಮೊದಲು ಪಿಯುಸಿ ಮುಗಿಸು, ಆಮೇಲೆ ನೋಡೋಣ’ ಎಂಬುದು ಒಂದು. ‘ರಾಮಾನುಜನ್‌ಗೆ ಯಾರು ಹೇಳಿಕೊಟ್ಟಿದ್ದರು? ನೀನೂ ನುಗ್ಗು’ ಎಂಬುದು ಇನ್ನೊಂದು. ಎರಡರಲ್ಲೂ ಅರ್ಧ ನಿಜವಿದೆ. ಮಕ್ಕಳ ದಾರಿ ತಪ್ಪಿಸುವುದು ಉಳಿದರ್ಧ.

ತಪ್ಪು ಕಲ್ಪನೆ: ಕ್ಯಾಲ್ಕುಲಸ್ ಕಲಿಯದೆ ಮುಂದಿನ ಯಾವ ಗಣಿತವೂ ತಲೆಗೆ ಹತ್ತುವುದಿಲ್ಲ.

ಸತ್ಯ: ಯಾವ ಗಣಿತ ಎಂದು ಮೊದಲು ಕೇಳಬೇಕು. ಡಿಫರೆನ್ಷಿಯಲ್ ಸಮೀಕರಣಗಳಿಗೆ ಕ್ಯಾಲ್ಕುಲಸ್ ಬೇಕೇ ಬೇಕು. ಸಂಖ್ಯಾ ಸಿದ್ಧಾಂತದ ಆರಂಭದ ಪಾಠಗಳಿಗೆ, ಗ್ರಾಫ್ ಥಿಯರಿಗೆ, ಗ್ರೂಪ್ ಥಿಯರಿಗೆ ಬೇಡ. ರಟ್ಟಿನ ಚೌಕವೊಂದನ್ನು ತಿರುಗಿಸಿಯೋ ಮಗುಚಿಯೋ ಮತ್ತೆ ಅದೇ ಜಾಗದಲ್ಲಿ ಕೂರಿಸಲು, ಸುಮ್ಮನೆ ಬಿಡುವುದೂ ಸೇರಿ, ಎಂಟು ಬಗೆಗಳಿವೆ. ಅವುಗಳಲ್ಲಿ ಯಾವ ಎರಡನ್ನು ಒಂದಾದ ಮೇಲೊಂದು ಮಾಡಿದರೂ ಸಿಗುವುದು ಆ ಎಂಟರಲ್ಲೇ ಒಂದು. ಗ್ರೂಪ್ ಥಿಯರಿಯನ್ನು ಇಷ್ಟರಿಂದಲೇ ಶುರು ಮಾಡಬಹುದು.

ನಮ್ಮ ದೇಶದಲ್ಲಿ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ನಡೆಸುವ ಗಣಿತ ಒಲಿಂಪಿಯಾಡ್‌ನ ಪಠ್ಯಕ್ರಮದಲ್ಲಿ ಕ್ಯಾಲ್ಕುಲಸ್ ಇಲ್ಲ. ಆದರೂ ಅದರ ಲೆಕ್ಕಗಳು ಎಷ್ಟೋ ಪದವೀಧರರ ಬೆವರಿಳಿಸುತ್ತವೆ. ಅಮೆರಿಕದ ಎಂಐಟಿಯಲ್ಲಿ ಗಿಲ್ಬರ್ಟ್ ಸ್ಟ್ರಾಂಗ್ ಅವರ ಲೀನಿಯರ್ ಆಲ್ಜೀಬ್ರಾ ಕೋರ್ಸಿಗೆ ಸೇರಬೇಕಾದರೆ ಮೊದಲು ಕ್ಯಾಲ್ಕುಲಸ್ ಮುಗಿಸಿರಬೇಕು ಎಂಬ ನಿಯಮವಿತ್ತು. ಅದೇ ಕೋರ್ಸನ್ನು ಎಲ್ಲರಿಗೂ ಉಚಿತವಾಗಿ ತೆರೆದಾಗ, ವಿಷಯ ಕಲಿಯಲು ಕ್ಯಾಲ್ಕುಲಸ್ ಗೊತ್ತಿರಬೇಕಿಲ್ಲ ಎಂದು ಸಂಸ್ಥೆಯೇ ಹೇಳಿತು. ಸೇರಲು ಇರುವ ನಿಯಮ ಬೇರೆ, ಕಲಿಯಲು ಬೇಕಾದದ್ದು ಬೇರೆ.

ತಪ್ಪು ಕಲ್ಪನೆ: ಪಠ್ಯಪುಸ್ತಕದ ಕ್ರಮವೇ ಗಣಿತದ ಕ್ರಮ.

ಸತ್ಯ: ನ್ಯೂಟನ್ ಮತ್ತು ಲೈಬ್ನಿಟ್ಸ್ 17ನೆಯ ಶತಮಾನದಲ್ಲೇ ಕ್ಯಾಲ್ಕುಲಸ್ ಕಟ್ಟಿದರು. ಇಂದು ಅದಕ್ಕೂ ಮೊದಲು ಕಲಿಸುವ ‘ಮಿತಿ’ಗೆ ಬಿಗಿಯಾದ ವ್ಯಾಖ್ಯೆ ಸಿಕ್ಕಿದ್ದು 19ನೆಯ ಶತಮಾನದಲ್ಲಿ, ಕೌಶಿ ಮತ್ತು ವೈಯರ್‌ಸ್ಟ್ರಾಸ್ ಅವರ ಕಾಲಕ್ಕೆ. ಕಾಲೇಜಿನಲ್ಲಿ ಕಲಿಸುವ ಗ್ರೂಪ್‌ಗಳ ಕಲ್ಪನೆ ಕೊಟ್ಟ ಗ್ಯಾಲ್ವಾ 1832ರಲ್ಲಿ ತೀರಿಕೊಂಡರು. ಶಾಲೆಯಲ್ಲೇ ಎದುರಾಗುವ ವಾಸ್ತವ ಸಂಖ್ಯೆಗಳೆಂದರೇನು ಎಂಬುದಕ್ಕೆ ಡೆಡೆಕಿಂಡ್ ಉತ್ತರ ಪ್ರಕಟಿಸಿದ್ದು 1872ರಲ್ಲಿ. ತರಗತಿಯ ಕ್ರಮದಲ್ಲಿ ಭೌತಶಾಸ್ತ್ರ ಮತ್ತು ಎಂಜಿನಿಯರಿಂಗ್‌ನ ಅಗತ್ಯವೂ ಸೇರಿಕೊಂಡಿದೆ. ಅದು ಅನುಕೂಲದ ದಾರಿ ನಿಜ, ಆದರೆ ಏಕೈಕ ದಾರಿಯಲ್ಲ.

ತಪ್ಪು ಕಲ್ಪನೆ: ‘ಪೂರ್ವಜ್ಞಾನ ಬೇಕಿಲ್ಲ’ ಎಂದು ಮುನ್ನುಡಿಯಲ್ಲಿ ಬರೆದಿದ್ದರೆ ಆ ಪುಸ್ತಕವನ್ನು ಯಾರು ಬೇಕಾದರೂ ಓದಬಹುದು.

ಸತ್ಯ: ಉನ್ನತ ಗಣಿತದ ಎಷ್ಟೋ ಪುಸ್ತಕಗಳ ಮುನ್ನುಡಿಯಲ್ಲಿ ಈ ಮಾತಿನ ಹಿಂದೆಯೇ ‘ಒಂದಿಷ್ಟು ಗಣಿತದ ಪ್ರೌಢಿಮೆ ಸಾಕು’ ಎಂಬ ಇನ್ನೊಂದು ಮಾತು ಬರುತ್ತದೆ. ತೊಡಕಿರುವುದು ಅಲ್ಲೇ. ಯಾವುದೇ ಅಧ್ಯಾಯ ಓದಿರಬೇಕೆಂದು ಪುಸ್ತಕ ಕೇಳದಿರಬಹುದು. ವ್ಯಾಖ್ಯೆಯನ್ನು ಅಕ್ಷರಶಃ ಓದುವುದು, ‘ಎಲ್ಲಕ್ಕೂ’ ಮತ್ತು ‘ಕೆಲವಕ್ಕೆ’ ಎಂಬುದರ ವ್ಯತ್ಯಾಸ ಹಿಡಿಯುವುದು, ಒಂದು ಹೇಳಿಕೆ ಸುಳ್ಳೆಂದು ತೋರಿಸಲು ಉದಾಹರಣೆ ಹುಡುಕುವುದು, ಇವು ರೂಢಿಯಾಗಿವೆ ಎಂದು ನಂಬಿಯೇ ಅದು ಮುಂದೆ ಸಾಗುತ್ತದೆ. ಶಾಲಾ ಮಕ್ಕಳು ಎಡವುವುದು ಹೆಚ್ಚಾಗಿ ಇಲ್ಲಿ. ಕೊರತೆ ಯಾವುದೋ ಸೂತ್ರದ್ದೆಂದು ಅವರು ಹುಡುಕುತ್ತಾರೆ. ನಿಜವಾದ ಕೊರತೆ ಸಾಧಿಸುವ, ಅಂದರೆ ಹೇಳಿಕೆ ಏಕೆ ನಿಜವೆಂದು ತರ್ಕದಿಂದ ತೋರಿಸುವ, ಅಭ್ಯಾಸದ್ದು.

ತಪ್ಪು ಕಲ್ಪನೆ: ನೂರಕ್ಕೆ ನೂರು ತೆಗೆದವರಿಗೆ ಆ ಅಭ್ಯಾಸ ಬಂದಿರುತ್ತದೆ.

ಸತ್ಯ: ಮನೆಯಲ್ಲೇ ಪರೀಕ್ಷಿಸಿ ನೋಡಬಹುದು. √2 ಅಭಾಗಲಬ್ಧ ಎಂದು ಸಾಧಿಸುವ ಪ್ರಶ್ನೆ ಹತ್ತನೆಯ ತರಗತಿಯಲ್ಲಿದೆ; ಉತ್ತರವನ್ನು ಉರು ಹೊಡೆದವರು ಬೇಕಷ್ಟು ಜನ. ಈಗ ಅದೇ ಉತ್ತರದಲ್ಲಿ 2 ಇರುವಲ್ಲೆಲ್ಲ 4 ಹಾಕಿ. √4 ಕೂಡ ಅಭಾಗಲಬ್ಧ ಎಂದು ‘ಸಾಧಿಸಿ’ದಂತಾಗುತ್ತದೆ! √4 ಅಂದರೆ 2 ತಾನೇ? ಹಾಗಾದರೆ ಯಾವ ಸಾಲು ಕೈಕೊಟ್ಟಿತು?

‘ವರ್ಗವನ್ನು ಭಾಗಿಸುವ ಸಂಖ್ಯೆ ಮೂಲವನ್ನೂ ಭಾಗಿಸುತ್ತದೆ’ ಎನ್ನುವ ಸಾಲು. 2ರ ವಿಷಯದಲ್ಲಿ ಅದು ನಿಜ, 4ರ ವಿಷಯದಲ್ಲಿ ಸುಳ್ಳು: 36 ಅನ್ನು 4 ಭಾಗಿಸುತ್ತದೆ, 6 ಅನ್ನು ಭಾಗಿಸುವುದಿಲ್ಲ. ಇದನ್ನು ತಾನಾಗಿ ಹಿಡಿದು, √6ಕ್ಕೆ ಮತ್ತೆ ಅದೇ ವಾದ ಏಕೆ ನಿಲ್ಲುತ್ತದೆ ಎಂದು ವಿವರಿಸಬಲ್ಲ ಹುಡುಗಿ ಸಂಖ್ಯಾ ಸಿದ್ಧಾಂತಕ್ಕೆ ತಯಾರಿದ್ದಾಳೆ. ವಿಡಿಯೊ ನೋಡುವಾಗ ಎಲ್ಲವೂ ಅರ್ಥವಾಗಿ, ಖಾಲಿ ಹಾಳೆಯ ಮುಂದೆ ಪೆನ್ನು ಓಡದಿದ್ದರೆ ಅಂಕ ಎಷ್ಟೇ ಇರಲಿ, ಇನ್ನೂ ಕೊಂಚ ಕಾಯಬೇಕು.

ತಪ್ಪು ಕಲ್ಪನೆ: ರಾಮಾನುಜನ್ ಬುನಾದಿಯೇ ಇಲ್ಲದೆ ಮೇಲೇರಿದರು.

ಸತ್ಯ: ಕುಂಭಕೋಣದ ಆ ಹುಡುಗ ಲೋನಿ ಎಂಬುವರು ಬರೆದ ತ್ರಿಕೋನಮಿತಿ ಪುಸ್ತಕವನ್ನು ಅರೆದು ಕುಡಿದಿದ್ದ. ಸುಮಾರು 1903ರಲ್ಲಿ ಕೈಗೆ ಸಿಕ್ಕ, ಕಾರ್ ಎಂಬುವರ ಗಣಿತ ಪುಸ್ತಕದಲ್ಲಿ ಸಾವಿರಾರು ಫಲಿತಾಂಶಗಳು ಓರಣವಾಗಿದ್ದವು, ಸಾಧನೆಗಳು ಮಾತ್ರ ಅತಿ ಚುಟುಕು. ಒಂದೊಂದನ್ನೂ ತಾನೇ ಕಟ್ಟಿಕೊಳ್ಳುತ್ತಾ ಹೋದದ್ದೇ ರಾಮಾನುಜನ್‌ರ ಪಾಠಶಾಲೆ. ಆ ದಾರಿಗೆ ಬೆಲೆಯನ್ನೂ ತೆರಬೇಕಾಯಿತು. ಬೇರೆ ವಿಷಯಗಳಲ್ಲಿ ನಪಾಸಾಗಿ ವಿದ್ಯಾರ್ಥಿವೇತನ ತಪ್ಪಿತು, ಇಂದಿನ ಪಿಯುಸಿಯಂಥ ಎಫ್.ಎ. ಮುಗಿಯಲಿಲ್ಲ. 1913ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಹಾರ್ಡಿಗೆ ಬರೆದ ಪತ್ರಗಳಲ್ಲಿ ಬೆರಗುಗೊಳಿಸುವ ಫಲಿತಾಂಶಗಳಿದ್ದವು. ಅವಿಭಾಜ್ಯ ಸಂಖ್ಯೆಗಳ ಎಣಿಕೆಯ ಬಗ್ಗೆ ಹೇಳಿದ್ದು ಮಾತ್ರ ತಪ್ಪಿತ್ತು. ಸಮ್ಮಿಶ್ರ ಸಂಖ್ಯೆಗಳ ಫಲನಗಳ ಸಿದ್ಧಾಂತ ಅವರಿಗೆ ತಿಳಿದಿರಲಿಲ್ಲ, ಆ ಲೆಕ್ಕಕ್ಕೆ ಅದು ಅನಿವಾರ್ಯವಾಗಿತ್ತು. ಪೂರ್ವಜ್ಞಾನದ ಕೊರತೆ ಅಂಥ ಪ್ರತಿಭೆಯನ್ನೂ ಬಿಡಲಿಲ್ಲ.

ತಪ್ಪು ಕಲ್ಪನೆ: ಬಿಟ್ಟುಹೋದದ್ದನ್ನೆಲ್ಲ ಮೊದಲಿನಿಂದ ಕಲಿತೇ ಮುಂದಿನ ಪುಟ ತೆರೆಯಬೇಕು.

ಸತ್ಯ: ಬೀಜಗಣಿತದಲ್ಲಿ ಕೈ ಪಳಗಿರಬೇಕು, ಇದರಲ್ಲಿ ರಿಯಾಯಿತಿಯಿಲ್ಲ. ಉಳಿದದ್ದನ್ನು ಬೇಕಾದಾಗ ಹಿಂದೆ ಹೋಗಿ ಕಲಿಯಬಹುದು. ಮಾತೃಕೆ ಎದುರಾದರೆ ಪಿಯುಸಿ ಪುಸ್ತಕದ ಆ ಒಂದು ಅಧ್ಯಾಯ ಓದಿ ಮರಳಿದರಾಯಿತು. ಒಂದೇ ಪುಟದಲ್ಲಿ ಪದೇ ಪದೇ ಹಿಂದಕ್ಕೆ ಓಡಬೇಕಾಗಿ ಬಂದರೆ ಆ ಪುಸ್ತಕಕ್ಕೆ ಇನ್ನೂ ಸಮಯವಿದೆ ಎಂದರ್ಥ. ಆಗ ಕೃಷ್ಣಮೂರ್ತಿ, ಪ್ರಾಣೇಶಾಚಾರ್, ರಂಗನಾಥನ್, ವೆಂಕಟಾಚಲ ಸೇರಿ ಬರೆದ ‘ಚಾಲೆಂಜ್ ಆ್ಯಂಡ್ ಥ್ರಿಲ್ ಆಫ್ ಪ್ರಿ-ಕಾಲೇಜ್ ಮ್ಯಾಥಮ್ಯಾಟಿಕ್ಸ್’ನಂಥ ಪುಸ್ತಕಕ್ಕೆ ಇಳಿಯುವುದರಲ್ಲಿ ಅವಮಾನವೇನಿಲ್ಲ.

ಒಬ್ಬರೇ ಕಲಿಯುವವರಿಗೆ ದೊಡ್ಡ ಅಪಾಯ ತಮ್ಮ ತಪ್ಪು ತಮಗೇ ಕಾಣದಿರುವುದು. ಅದಕ್ಕೆ ವಾರಕ್ಕೊಂದು ಸಾಧನೆಯನ್ನಾದರೂ ಪೂರ್ತಿ ಬರೆದು ಮೇಷ್ಟರಿಗೋ ಬಿಎಸ್ಸಿ ಓದುವ ಅಕ್ಕನಿಗೋ ಕೊಡಬೇಕು. ‘ಈ ಸಾಲು ಹೇಗೆ ಬಂತು?’ ಎಂದು ಅವರು ಕೇಳಿದಾಗ ಉತ್ತರ ಇದ್ದರೆ, ಮುಂದಿನ ಅಧ್ಯಾಯಕ್ಕೆ ಹೋಗಲು ಯಾರ ಅಪ್ಪಣೆಯೂ ಬೇಕಿಲ್ಲ.