ಸಾಬರ್ಮತಿಯ ದಡಗಳು

ಊರು ಹೊಳೆಯ ದಡದಲ್ಲಿ ಹುಟ್ಟುತ್ತದೆ. ಬೆಳೆದು ದೊಡ್ಡದಾದ ಮೇಲೆ ಅದೇ ಹೊಳೆಗೆ ಬೆನ್ನು ತಿರುಗಿಸುತ್ತದೆ. ಹಾಗೆ ಕೆಟ್ಟುಹೋದ ದಡವನ್ನು ವಿಹಾರಕ್ಕೂ ವ್ಯಾಪಾರಕ್ಕೂ ದೋಣಿಯಾಟಕ್ಕೂ ತಕ್ಕುದಾಗುವಂತೆ ಮಾಡುವ ಬಗೆ ಹೇಗೆ, ಅದಕ್ಕೆ ತಗಲುವ ಬೆಲೆ ಏನು ಎಂಬುದನ್ನು ಅರಿಯಬಯಸುವ ಶ್ರೋತೃಗಳ ಮುಂದೆ ಅಹಮದಾಬಾದಿನ ನಿದರ್ಶನವನ್ನು ಇಡುತ್ತೇವೆ.

1411ರಲ್ಲಿ ಅಹಮದ್ ಷಾ ಸಾಬರ್ಮತಿಯ ಪೂರ್ವತೀರದಲ್ಲಿ ಈ ನಗರವನ್ನು ಸ್ಥಾಪಿಸಿದನು. ನದಿಯೆಂದ ಮಾತ್ರಕ್ಕೆ ನಾವು ಕಾವೇರಿಯನ್ನು ನೆನೆಯಬಾರದು. ಇದು ಮಳೆಗಾಲದಲ್ಲಿ ಉಕ್ಕಿ, ಮಿಕ್ಕ ತಿಂಗಳುಗಳಲ್ಲಿ ಬಹುಮಟ್ಟಿಗೆ ಮರಳಹಾಸಾಗಿರುತ್ತಿದ್ದ ಹೊಳೆ. ಆ ಮರಳಾದರೂ ವ್ಯರ್ಥವಾಗಿರಲಿಲ್ಲ. ಅಲ್ಲಿ ತರಕಾರಿ ಬೆಳೆಯುತ್ತಿದ್ದರು, ಮಡಿವಾಳರು ಬಟ್ಟೆಯೊಗೆದು ಹರವುತ್ತಿದ್ದರು, ಸರ್ಕಸ್ಸಿನ ಡೇರೆಗಳೇಳುತ್ತಿದ್ದುವು, ಭಾನುವಾರಗಳಲ್ಲಿ ಗುಜರಿ ಬಜಾರೆಂಬ ಸಂತೆ ನೆರೆಯುತ್ತಿತ್ತು. ಗುಜರಿಯೆಂಬ ಮಾತು ನಮಗೂ ಹೊಸದಲ್ಲವಷ್ಟೆ! ದಡದ ಮೇಲೆ ಬಡವರ ಗುಡಿಸಲುಗಳು; ಅವುಗಳ ನಡುವೆ ನದಿಗಿಳಿಯುವ ಊರ ಕೊಳಚೆ.

ಬರ್ನಾರ್ಡ್ ಕೋನ್ ಎಂಬ ವಾಸ್ತುಶಿಲ್ಪಿಯು 1960ರ ದಶಕದಲ್ಲಿಯೇ ಈ ದಡಗಳನ್ನು ತಿದ್ದುವ ಯೋಜನೆಯೊಂದನ್ನು ಸೂಚಿಸಿದ್ದನು. ಕಾರ್ಯವೇನೋ ಬಹಳ ತಡವಾಯಿತು. 1997ರಲ್ಲಿ ನಗರಸಭೆಯು ಇದಕ್ಕಾಗಿಯೇ ಒಂದು ಕಂಪೆನಿಯನ್ನು ಏರ್ಪಡಿಸಿತು. 2005ರಲ್ಲಿ ಕೆಲಸ ಮೊದಲಾಯಿತು. 2012ರಲ್ಲಿ ತೀರದ ಕಾಲುಹಾದಿ ಜನರಿಗೆ ತೆರೆಯಿತು. ಒಂದೆಡೆ ಅಗಲ, ಒಂದೆಡೆ ಇಕ್ಕಟ್ಟಾಗಿದ್ದ ಪಾತ್ರವನ್ನು 263 ಮೀಟರುಗಳ ಒಂದೇ ಅಗಲಕ್ಕೆ ತಂದು, ಎರಡು ಪಕ್ಕದಲ್ಲಿಯೂ ಸುಮಾರು 11 ಕಿಲೋಮೀಟರುಗಳುದ್ದ ಗೋಡೆ ಕಟ್ಟಿದರು. ಕೊಳಚೆಯನ್ನು ನದಿಗೆ ಬೀಳುವ ಮುನ್ನವೇ ದೊಡ್ಡ ಕೊಳವೆಗಳಲ್ಲಿ ಹಿಡಿದು ಬೇರೆಡೆಗೆ ತಿರುಗಿಸಿದರು. ಗೋಡೆಯ ಹಿಂದೆ ಸುಮಾರು 200 ಹೆಕ್ಟೇರು ಹೊಸ ನೆಲ ದೊರೆಯಿತು. ಅದರಲ್ಲಿ ಹೆಚ್ಚಿನದು ಉದ್ಯಾನಗಳಿಗೂ ರಸ್ತೆಗಳಿಗೂ ಸಂದಿತು. ಒಂದು ಪಾಲನ್ನು ಕಟ್ಟಡಗಳಿಗಾಗಿ ಮಾರಿ ವೆಚ್ಚವನ್ನು ತುಂಬಿಕೊಳ್ಳುವುದೆಂದು ಗೊತ್ತುಮಾಡಿದರು. ಈ ಲೆಕ್ಕದ ಜಾಣ್ಮೆಯನ್ನು ನಾವು ಮೆಚ್ಚುತ್ತೇವೆ.

ಆದರೆ ಬತ್ತುವ ಹೊಳೆಯಲ್ಲಿ ದೋಣಿ ತೇಲುವುದೆಂತು? ನಗರದ ತೆಂಕಲಿಗೆ 1976ರಲ್ಲಿ ಕಟ್ಟಿದ ವಾಸಣಾ ಅಡ್ಡಕಟ್ಟೆಯುಂಟು. ಬಡಗಲಿಗೆ ನರ್ಮದೆಯ ಮುಖ್ಯನಾಲೆ ಸಾಬರ್ಮತಿಯನ್ನು ದಾಟುತ್ತದೆ. ನಾಲೆಯಿಂದ ಬಿಟ್ಟ ನೀರು ಅಡ್ಡಕಟ್ಟೆಯ ಹಿಂದೆ ನಿಲ್ಲುತ್ತದೆ. ಬೇಸಗೆಯ ಸಂಜೆ ಅಲ್ಲಿ ದೋಣಿಯೇರುವವರು ವಿಹರಿಸುವುದು ಹೆಸರಿಗೆ ಸಾಬರ್ಮತಿಯಲ್ಲಿ, ನೀರು ನರ್ಮದೆಯದು. ಬರಗಾಲದಲ್ಲಿ ಆ ನೀರು ಗದ್ದೆಗೋ ಕುಡಿಯುವ ಕೊಡಕ್ಕೋ ದೋಣಿಗೋ ಎಂಬ ಪ್ರಶ್ನೆ ಬಂದಾಗ ದೋಣಿಯ ಪರವಾಗಿ ವಾದಿಸುವುದು ಸುಲಭವಲ್ಲ.

ಇನ್ನು ಗುಡಿಸಲಿನವರ ಸಂಗತಿ. ಹತ್ತು ಸಾವಿರಕ್ಕೂ ಮಿಕ್ಕ ಕುಟುಂಬಗಳನ್ನು ಎಬ್ಬಿಸಬೇಕಾಯಿತು. ನ್ಯಾಯಾಲಯದ ಮೊರೆಹೊಕ್ಕ ಮೇಲೆ ಅನೇಕರಿಗೆ ಪಕ್ಕಾ ಮನೆಗಳು ದೊರೆತುವು. ಆದರೆ ಹಲವರ ಮನೆ ವಟ್ವಾ ಮೊದಲಾದ ದೂರದ ಬಡಾವಣೆಗಳಲ್ಲಿ. ಕೂಲಿ ಮಾತ್ರ ಹಳೆಯ ಊರಿನೊಳಗೆ. ನಾಲ್ಕು ಮನೆಗಳ ಪಾತ್ರೆ ತಿಕ್ಕಿ ಬಾಳುವ ಹೆಂಗಸಿಗೆ ದಿನವೂ ಬಸ್ಸಿನ ಚಾರ್ಜು ಎಷ್ಟು ಭಾರವೆಂಬುದನ್ನು ನಕ್ಷೆ ಬರೆಯುವವರು ಎಣಿಸಬೇಕಾಗಿತ್ತು. ಗುಜರಿ ಬಜಾರಿನ ಪಾಡು ಇದಕ್ಕಿಂತ ಮೇಲು: ವ್ಯಾಪಾರಿಗಳು ಹಟ ಹಿಡಿದರು, 2014ರಲ್ಲಿ ಅದೇ ತೀರದಲ್ಲಿ ಕಟ್ಟೆಗಳೂ ನೆರಳೂ ಉಳ್ಳ ಸಂತೆಮಾಳವನ್ನು ಪಡೆದರು.

ಅಡ್ಡಕಟ್ಟೆಯಿಂದ ಕೆಳಗೆ ವಿಹಾರಿಗಳು ಹೋಗುವುದಿಲ್ಲ. ಅಲ್ಲಿ ನದಿಯೆಂದು ಹರಿಯುವುದು ಬಹುಪಾಲು ನಗರದ ಕೊಳಚೆ ಮತ್ತು ಕಾರ್ಖಾನೆಗಳ ನೀರು. ಕೆಳಗಣ ಹಳ್ಳಿಗಳ ಹೊಲಗಳಿಗೂ ಅದೇ ಹಾಯುತ್ತದೆ. 2021ರಲ್ಲಿ ಗುಜರಾತಿನ ಉಚ್ಚ ನ್ಯಾಯಾಲಯವು ಯಾರ ಅರ್ಜಿಗೂ ಕಾಯದೆ ತಾನಾಗಿಯೇ ಈ ಮಾಲಿನ್ಯದ ವಿಚಾರಣೆಯನ್ನು ಕೈಗೊಂಡು, ನಗರಸಭೆಯಿಂದ ಉತ್ತರ ಕೇಳಿತು.