ಗುಜರಿಗೆ ಹಾಕುವ ಮುನ್ನ

ಹಳೆಯ ಮನೆಗಳ ಕೊಟ್ಟಿಗೆಯಲ್ಲಿಯೋ ಹಿತ್ತಿಲ ತಗಡಿನ ಮಾಡಿನ ಕೆಳಗೋ ಗೋಣಿತಾಟು ಹೊದ್ದು ನಿಂತ ಮೋಟಾರು ಸೈಕಲ್ಲೊಂದನ್ನು ನಮ್ಮಲ್ಲಿ ಅನೇಕರು ಕಂಡಿರುತ್ತೇವೆ. ತಂದೆಯವರು ಕೊಂಡದ್ದು, ಅವರ ತರುವಾಯ ಯಾರೂ ಕಿಕ್ ಹೊಡೆದಿಲ್ಲ. ಹಬ್ಬಕ್ಕೆ ಮನೆ ಚೊಕ್ಕಟ ಮಾಡುವಾಗಲೆಲ್ಲ ಗುಜರಿಯವನಿಗೆ ಕೊಟ್ಟುಬಿಡುವ ಮಾತು ಏಳುತ್ತದೆ. ತಾಯಿಯವರು ಮಾತ್ರ ಸುಮ್ಮನಿರುತ್ತಾರೆ. ಆ ಮೌನದ ಪರವಾಗಿ ನಾಲ್ಕು ಮಾತು ಬರೆಯಬೇಕೆನಿಸಿದೆ.

ನಮ್ಮ ಸೀಮೆಯಲ್ಲಿ ಆ ಗಾಡಿ ಜಾವಾ ಅಥವಾ ಯೆಜ್ಡಿಯಾಗಿರುವ ಸಂಭವವೇ ಹೆಚ್ಚು. ಜೆಕ್ ದೇಶದ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ತನ್ನ ಹೆಸರಿನ ಆರಂಭದ ಅಕ್ಷರಗಳಿಗೆ ವಾಂಡರರ್ ಎಂಬ ಜರ್ಮನ್ ಕಂಪನಿಯ ಅಕ್ಷರಗಳನ್ನು ಕೂಡಿಸಿ 'ಜಾವಾ' ಎಂದು ಹೆಸರಿಟ್ಟನು. 1960ರ ದಶಕದ ಆರಂಭದಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತಲೆಯೆತ್ತಿತು. 1973ರಿಂದ ಯೆಜ್ಡಿ ಎಂಬ ಹೆಸರು ಬಂದಿತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು.

ಒಂದೇ ಸಿಲಿಂಡರು, ಎರಡು ಹೊಗೆಕೊಳವೆ, ಕಿಕ್ ಹೊಡೆಯಲೂ ಗೇರು ಬದಲಿಸಲೂ ಒಂದೇ ಸನ್ನೆ! ಪೆಟ್ರೋಲಿಗೆ ಎಣ್ಣೆ ಬೆರೆಸುವ ಟೂಸ್ಟ್ರೋಕ್ ಎಂಜಿನ್ನಾದ್ದರಿಂದ ಸೈಲೆನ್ಸರಿನೊಳಗೆ ಮಸಿ ಕಟ್ಟುತ್ತದೆ. ಒಳಗಿನ ಕೊಳವೆಯನ್ನು ಎಳೆದು ಬೆಂಕಿಗಿಟ್ಟು ಆ ಮಸಿಯನ್ನು ಸುಡುವುದೇ ಗ್ಯಾರೇಜಿಗೆ ಬಂದ ಹುಡುಗನ ಮೊದಲ ಪಾಠವಾಗಿತ್ತು. ಕಾರ್ಬೊರೇಟರು ಮುಟ್ಟುವ ಯೋಗ್ಯತೆ ಬಹಳ ದಿನಗಳ ಮೇಲಿನ ಮಾತು. ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವ ಆ ಮೇಸ್ತ್ರಿಗಳ ವಿದ್ಯೆ ಯಾವ ಪುಸ್ತಕದಲ್ಲಿಯೂ ಇಲ್ಲ.

ಇನ್ನು ಅಂದದ ಮಾತು. 1998ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಕಲಾಸಂಗ್ರಹಾಲಯವು ಚಿತ್ರಪಟಗಳ ಎಡೆಯಲ್ಲಿ ನೂರಕ್ಕೂ ಮಿಕ್ಕಿ ಮೋಟಾರು ಸೈಕಲ್ಲುಗಳನ್ನು ನಿಲ್ಲಿಸಿ ಪ್ರದರ್ಶಿಸಿತು. ಇದೇನು ಕಲೆಯೇ ಎಂದು ಮೂಗು ಮುರಿದವರೂ ಇದ್ದರು. ಜನರಂತೂ ಲಕ್ಷಗಟ್ಟಲೆ ಹರಿದು ಬಂದರು. ನನಗೆ ಅಷ್ಟು ದೂರ ಹೋಗಬೇಕೆನಿಸುವುದಿಲ್ಲ. ಹಳೆಯ ಜಾವಾದ ಉಬ್ಬಿದ ಟ್ಯಾಂಕಿನ ಮೇಲೆ ಕೆಂಗಂದು ಬಣ್ಣವೂ ಹೊಳೆಯುವ ಕ್ರೋಮಿಯಂ ಲೇಪವೂ ಕೂಡುವಲ್ಲಿ ಹರಿದಿರುವ ಸಣ್ಣ ಗೆರೆಯೊಂದನ್ನು ನೋಡಿದರೆ ಸಾಕು. ಇಂತಹ ಗೆರೆ ಎಳೆಯುವವರು ಉದ್ದ ಕೂದಲಿನ ಕುಂಚವನ್ನು ಬಣ್ಣದಲ್ಲಿ ಅದ್ದಿ, ಕಿರುಬೆರಳನ್ನು ಅಂಚಿಗೆ ಆನಿಸಿ, ನಡುವೆ ನಿಲ್ಲದೆ ಒಂದೇ ಎಳೆತದಲ್ಲಿ ಮುಗಿಸುತ್ತಾರೆ. ಚೆನ್ನೈಯ ರಾಯಲ್ ಎನ್‌ಫೀಲ್ಡ್ ಕಾರ್ಖಾನೆಯಲ್ಲಿ ಈ ಕೈಗೆಲಸ ಒಂದೇ ಮನೆತನದ ಸೋದರರಿಂದ ನಡೆದುಬಂದಿದೆ. ಬೇರೆಡೆ ಅಂಟುಪಟ್ಟಿ ಬಂದು ಕುಂಚ ಒಣಗುತ್ತಿದೆ.

ಆದುದರಿಂದಲೇ ಒಂದು ಎಚ್ಚರಿಕೆ. ತಂದೆಯ ನೆನಪಿಗೆಂದು ಗಾಡಿಯನ್ನು ರಿಪೇರಿಗೆ ಕೊಟ್ಟ ಮಕ್ಕಳು ಉತ್ಸಾಹದಿಂದ ಹಳೆಯ ಬಣ್ಣವನ್ನೆಲ್ಲ ಕೆರೆಸಿ, ಕನ್ನಡಿಯಂತೆ ಮಿನುಗುವ ಹೊಸ ಬಣ್ಣ ಹೊಡೆಸುತ್ತಾರೆ. ಎಂಜಿನ್ನನ್ನು ಮತ್ತೆ ಬಿಚ್ಚಬಹುದು, ಜೋಡಿಸಬಹುದು. ಮೂಲ ಬಣ್ಣ ಹೋದರೆ ಹೋಯಿತು. 2021ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳೂ 50 ವರ್ಷ ದಾಟಿದ, ಮೂಲ ಸ್ವರೂಪದಲ್ಲಿ ಉಳಿದಿರುವ ವಾಹನಗಳಿಗೆ ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿಯನ್ನು ಕಲ್ಪಿಸಿವೆ. ಅದರ ಅವಧಿ 10 ವರ್ಷ. ಹೊಸದಾಗಿ ನೋಂದಾಯಿಸಲು ಶುಲ್ಕ 20,000 ರೂಪಾಯಿ. ನಿತ್ಯದ ಓಡಾಟಕ್ಕೆ ಮಾತ್ರ ಅವಕಾಶವಿಲ್ಲ. ಶುಲ್ಕ ತುಸು ಹೆಚ್ಚಾಯಿತೆಂದೇ ನನ್ನ ಅಭಿಪ್ರಾಯ.

ನಮ್ಮ ಮನೆಯ ಟ್ಯಾಂಕನ್ನೂ ಹೊಸ ಬಣ್ಣಕ್ಕೆಂದು ವೃದ್ಧ ಪೇಂಟರೊಬ್ಬರ ಬಳಿಗೆ ಒಯ್ದಿದ್ದೆ. ಅವರು ಸೀಮೆಎಣ್ಣೆಯ ಬಟ್ಟೆಯಿಂದ ಮೆಲ್ಲನೆ ಒರೆಸಿದರು. ಧೂಳಿನಡಿಯಿಂದ ಗೆರೆ ಮೂಡಿತು. ಮುಚ್ಚಳದ ಸಮೀಪ ಕೂದಲೆಳೆಯಷ್ಟು ನಡುಗಿತ್ತು. "ಇಲ್ಲಿ ಕೈ ಅಲುಗಿದೆ ನೋಡಿ ಸ್ವಾಮಿ, ಇದು ಮನುಷ್ಯ ಎಳೆದದ್ದು. ನಾನು ಮುಟ್ಟುವುದಿಲ್ಲ" ಎಂದು ಟ್ಯಾಂಕನ್ನು ಹಿಂದಕ್ಕೆ ಕೊಟ್ಟರು. ಕೂಲಿಯನ್ನೂ ತೆಗೆದುಕೊಳ್ಳಲಿಲ್ಲ.